ಧಾಟಿ: ಸ್ವಂತ

ಭಜನೆಯ ನೋಟ್‌ಬುಕ್ಕನ್ನು ನೀವು ನೋಡಿರಬಹುದು. ನಮ್ಮ ಕಡೆ ಭಜನೆಗೆ ಕೂಡುವ ಪ್ರತಿಯೊಬ್ಬನ ಬಳಿಯೂ ಒಂದಿರುತ್ತದೆ. ಇನ್ನೂರು ಪುಟದ್ದು, ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿದ್ದು, ಮೂಲೆಗಳು ಎಣ್ಣೆ ಕುಡಿದು ಕಂದಾದದ್ದು. ಅದರಲ್ಲಿ ಪ್ರತಿ ಪದದ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು, ಎರಡು ಚುಕ್ಕೆ ಇಟ್ಟು, ಯಾವುದೋ ಸಿನಿಮಾ ಹಾಡಿನ ಮೊದಲ ಎರಡು ಶಬ್ದ ಬರೆದಿರುತ್ತಾರೆ. ಕೆಳಗಿರುವ ದೇವರ ಪದವನ್ನು ಆ ಸಿನಿಮಾ ಹಾಡಿನ ಹಾಗೆ ಹಾಡಬೇಕು ಎಂದು ಅದರ ಅರ್ಥ. ಮೇಲೆ ನಾಯಕಿ ಮಳೆಯಲ್ಲಿ ತೊಯ್ಯುತ್ತಿರುತ್ತಾಳೆ, ಕೆಳಗೆ ಗುರು ಶಿಷ್ಯನಿಗೆ ಉಪದೇಶ ಮಾಡುತ್ತಿರುತ್ತಾನೆ. ಒಬ್ಬರಿಂದ ಇನ್ನೊಬ್ಬರಿಗೆ ತೊಂದರೆ ಇಲ್ಲ.

ನಾನು ಆರೇಳು ವರ್ಷದವನಿದ್ದಾಗ ನಮ್ಮೂರ ಮಠದಲ್ಲಿ ಅಂಥದೊಂದು ಪದ ನಡೆದಿತ್ತು. ಆ ಸಿನಿಮಾ ಕುಂದಗೋಳದ ಟೂರಿಂಗ್ ಟಾಕೀಸಿಗೆ ಬಂದು ಹೋಗಿ ತಿಂಗಳಾಗಿರಲಿಲ್ಲ. ನನಗೆ ಗೊತ್ತಿಲ್ಲದೆಯೇ ಸೊಂಟ ಆ ನಾಯಕಿಯ ಹಾಗೆ ಆಡತೊಡಗಿತು. ಅಪ್ಪ ತಾಳ ಕೆಳಗಿಟ್ಟು ಎದ್ದು ಬಂದು ಬೆನ್ನಿಗೆ ಒಂದು ಬಿಗಿದ. ಪದ ಕೇಳಿ ಕಣ್ಣೀರು ಒರೆಸಿಕೊಳ್ಳುತ್ತ ಕೂತಿದ್ದ ನನ್ನ ಆಯಿ, ಅಂದರೆ ಅಪ್ಪನ ತಾಯಿ, ಅವನನ್ನೇ ಬೈದಳು: “ಹೊಡೀಬ್ಯಾಡೋ! ಕೂಸಿಗಿ ಭಕ್ತಿ ಬಂದೈತಿ!” ಅಪ್ಪ ಸುಮ್ಮನಾದ. ಆ ಕುಣಿತ ಎಲ್ಲಿಯದು ಎಂದು ಹೇಳಬೇಕಾದರೆ ತಾನೂ ಸಿನಿಮಾ ನೋಡಿದ್ದನ್ನು ಹೇಳಬೇಕಾಗುತ್ತಿತ್ತು.

ಹೋದ ತಿಂಗಳು ನನ್ನ ಹೆಂಡತಿ ನೀಲವ್ವ ಟ್ರಂಕು ತೆಗೆದು ಧೂಳು ಹೊಡೆಯುವಾಗ ನನ್ನ ನೋಟ್‌ಬುಕ್ ಕೈಗೆ ಬಂತು. ಹಳೆಯದು ಹರಿಯಿತೆಂದು ನಾನು ಎರಡು ವರ್ಷದ ಹಿಂದೆ ಹೊಸದಕ್ಕೆ ಎಲ್ಲ ಪದ ಇಳಿಸಿಕೊಂಡಿದ್ದೆ. ಅವಳು ಚಸ್ಮಾ ಏರಿಸಿಕೊಂಡು ಒಂದೊಂದೇ ಹಾಳೆ ತಿರುವಿ, ಧಾಟಿಗಳನ್ನು ಓದಿ ಓದಿ ನಕ್ಕಳು. ಆಮೇಲೆ ಒಂದು ಪುಟಕ್ಕೆ ನಿಂತಳು.

“ಏನ್ರಿ, ಇದೊಂದರ ಮ್ಯಾಲ ಧಾಟಿ ‘ಸ್ವಂತ’ ಅಂತ ಬರದೀರಿ. ನೂರಾ ನಲವತ್ತು ಪದದಾಗ ಇದೊಂದ ನಿಮ್ಮ ಸ್ವಂತದ್ದು?”

“ಹೂಂ,” ಎಂದೆ. ಐವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಮುಖ ಬಿಸಿಯಾಯಿತು. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ.

ನಾನು ಟೇಲರ್. ನಮ್ಮೂರಿನಿಂದ ಯರಗುಪ್ಪಿಯ ಮೇಲೆ ಹಾದು ಬರುವ ಬಸ್ಸಿನಲ್ಲಿ ದಿನಾ ಕುಂದಗೋಳಕ್ಕೆ ಬಂದು ಅಂಗಡಿ ತೆಗೆಯುತ್ತೇನೆ. ಸೋಮವಾರ ಸಂಜೆ ಮಾತ್ರ ಬೇಗ ಮುಚ್ಚಿ ಊರಿಗೆ ಹೋಗಿ, ಮಠದಲ್ಲಿ ಪೇಟಿ ನುಡಿಸುತ್ತೇನೆ. ಹಾರ್ಮೋನಿಯಮ್ಮಿಗೆ ನಾವು ಪೇಟಿ ಎನ್ನುವುದು. ನನ್ನ ಅಂಗಡಿಯ ಹಿಂದಿನ ಗೋಡೆಗೆ ಹತ್ತಿಕೊಂಡು ಒಂದು ತಗಡಿನ ಕೋಣೆ ಇದೆ. ಅದು ಪ್ರಾರ್ಥನಾ ಮಂದಿರ. ಹದಿನೈದಿಪ್ಪತ್ತು ಮನೆಯ ಕ್ರಿಸ್ತರು ಅಲ್ಲಿ ಭಾನುವಾರ ಮುಂಜಾನೆ ಕೂಡುತ್ತಾರೆ. ಶನಿವಾರ ಮಧ್ಯಾಹ್ನ ಹಾಡಿನ ತಾಲೀಮು.

ಹಾಡು ಕಲಿಸುವವಳು ಎಸ್ತರಕ್ಕ. ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳು. ಸುಗ್ಗಿಯಲ್ಲಿ ಮೆಣಸಿನಕಾಯಿ ವಖಾರಿಗೆ, ಅಂದರೆ ಗೋದಾಮಿಗೆ, ತೊಟ್ಟು ಬಿಡಿಸಲು ಹೋಗುತ್ತಾಳೆ, ಉಳಿದ ದಿನ ಹೊಲದ ಕೆಲಸ. ಅಷ್ಟು ವರ್ಷ ಮೆಣಸಿನಕಾಯಿಯ ಘಾಟು ಕುಡಿದ ಗಂಟಲು ಒಡೆದು ಹೋಗಬೇಕಿತ್ತು. ಅವಳದು ಸ್ವಲ್ಪ ಒರಟಾಯಿತು, ಅಷ್ಟೇ, ಆ ಒರಟಿನಿಂದಲೇ ಇನ್ನೂ ದೂರ ಹೋಗುವಂತಾಯಿತು.

ಅವರ ಹಾಡುಗಳಲ್ಲಿ ಯೇಸುವಿನ ಮಾತಿತ್ತು. ಆದರೆ ಲಯ ಬೀಸುವ ಕಲ್ಲಿನದು. ನಡುವೆ ಚಪ್ಪಾಳೆ ಬೀಳುವುದು ಥೇಟ್ ಖವ್ವಾಲಿಯ ಹಾಗೆ. ಎಸ್ತರಕ್ಕನ ಅಳಿಯ ಒಂದು ಕೀಬೋರ್ಡ್ ತಂದಿಟ್ಟಿದ್ದ. ಅದರಲ್ಲಿ ಮದುವೆಯ ಆರ್ಕೆಸ್ಟ್ರಾದ ಡುಬುಡುಬು ತಾನಾಗಿಯೇ ಹೊಡೆಯುತ್ತಿತ್ತು. ಅದರ ಮೇಲೆ ಒಂದು ಢೋಲಕು. ಕಳೆ ಕೀಳುವ ಹೆಂಗಸರು ಸಾಲಿನಿಂದ ಸಾಲಿಗೆ ಪದ ದಾಟಿಸುವ ಹಾಗೆ ಒಬ್ಬಳು ಎತ್ತುವಳು, ಉಳಿದವರು ಹಿಡಿಯುವರು. ಯಾವುದು ದೇವರದು, ಯಾವುದು ಹೊಲದ್ದು ಎಂದು ಬಿಡಿಸಲು ಬರುತ್ತಿರಲಿಲ್ಲ.

ಗಿರಾಕಿಗಳ ಮುಂದೆ ನಾನು ಹಣೆ ಗಂಟಿಕ್ಕಿ, “ಏನ್ ಗದ್ಲಾ ಮಾರಾಯ್ರ, ತಲಿ ಹಾರಿ ಹೋಗ್ತೈತಿ” ಎನ್ನುತ್ತಿದ್ದೆ. ಗಿರಾಕಿ ಆಚೆ ಹೋದ ಕೂಡಲೇ ಮಷೀನಿನ ಪಾವಟಿಗೆಯಿಂದ ಕಾಲು ತೆಗೆದು, ಹಿಂದಿನ ಗೋಡೆಗೆ ಸ್ಟೂಲು ಸರಿಸಿಕೊಂಡು ಕೂಡುತ್ತಿದ್ದೆ. ಒಂದು ಶನಿವಾರ ಹಾಗೆ ಕೇಳುತ್ತ ಕತ್ತರಿಸಿದ ಹೆಡ್‌ಮಾಸ್ತರರ ಅಂಗಿಗೆ ಎರಡೂ ಎಡಗೈ ತೋಳುಗಳೇ ಬಂದವು. ಕರೆಂಟು ಹೋಗಿತ್ತು ಎಂದು ಹೇಳಿ ಹೊಸ ಬಟ್ಟೆ ತಂದು ಹೊಲಿದು ಕೊಟ್ಟೆ. ಕತ್ತರಿಗೆ ಕರೆಂಟು ಬೇಕಿಲ್ಲ ಎಂದು ಅವರಿಗೆ ಹೊಳೆಯಲಿಲ್ಲ, ನನ್ನ ಪುಣ್ಯ.

ಅಲ್ಲಿ ಕೇಳಿದ ಹಾಡುಗಳಲ್ಲಿ ಒಂದು ನನ್ನನ್ನು ಬಿಡಲಿಲ್ಲ. ‘ಹೊತ್ತು ಮುಣಗಿತೋ ಕುರಿ ಕಾಯವನೆ, ಒಂದು ಮರಿ ಹಿಂದ ಉಳದೈತೋ’ ಎಂದು ಅದರ ಮೊದಲ ಸಾಲು. ‘ಹಿಂದ’ ಎಂಬಲ್ಲಿ ಅವಳ ದನಿ ಒಮ್ಮೆಲೇ ಮೇಲಕ್ಕೇರಿ, ಅಲ್ಲೇ ಒಂದು ಗಳಿಗೆ ನಿಲ್ಲುತ್ತಿತ್ತು. ಯಾವ ಸಿನಿಮಾದಲ್ಲೂ, ಯಾವ ನಾಟಕದಲ್ಲೂ ನಾನು ಅಂಥ ಏರು ಕೇಳಿರಲಿಲ್ಲ. ಮನೆಗೆ ಹೋದ ಮೇಲೆ ಪೇಟಿಯ ಮೇಲೆ ಅದನ್ನೇ ಹುಡುಕುತ್ತಿದ್ದೆ. ಆ ಏರಿನ ತುದಿಗೆ ನನ್ನದೊಂದು ಸಣ್ಣ ಮುರ್ಕಿ, ಅಂದರೆ ದನಿಯನ್ನು ಎರಡು ಸುತ್ತು ಹೊರಳಿಸುವ ಒಂದು ಸೊಗಸು, ತಾನಾಗಿಯೇ ಬಂದು ಕೂತಿತು.

ಹನ್ನೊಂದು ವರ್ಷದ ಹಿಂದೆ ದುಮ್ಮವಾಡದ ಕಡೆಯ ಒಂದು ಊರಿನಲ್ಲಿ ಭಜನಾ ಸ್ಪರ್ಧೆ ಇಟ್ಟರು. ನಾನು ಆ ಧಾಟಿಗೆ ಗುರುವಿನ ಮೇಲೆ ಒಂದು ಪದ ಕಟ್ಟಿದೆ: ‘ಹೊತ್ತು ಮೀರಿತೋ ಗುರುರಾಯನೆ, ನಿನ್ನ ಪಾದ ಇನ್ನ ದೂರೈತೋ.’ ನೋಡಿ, ಆ ‘ಹೊತ್ತು’ ಎಂಬುದನ್ನು ಬದಲಿಸುವಷ್ಟು ಕಷ್ಟವನ್ನೂ ನಾನು ತೆಗೆದುಕೊಳ್ಳಲಿಲ್ಲ. ಕುಂದಗೋಳದ ಹತ್ತಿರದ ಊರುಗಳಲ್ಲಿ ಹಾಡದೆ ಅಷ್ಟು ದೂರ ಹೋಗಿ ಮೊದಲ ಸಲ ಹಾಡಿದ್ದು ಆಕಸ್ಮಿಕವೋ ಲೆಕ್ಕಾಚಾರವೋ ನನಗೆ ಗೊತ್ತಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಗೊತ್ತಿತ್ತು.

ನಮಗೆ ಮೊದಲ ಬಹುಮಾನ ಬಂತು. ತೀರ್ಪುಗಾರರಲ್ಲಿ ಒಬ್ಬ ಹಿರಿಯರು ಮೈಕು ಹಿಡಿದು, “ಆ ಮ್ಯಾಲಿನ ಮುರ್ಕಿ ಏನ ಹಾಕಿದ್ರಿ ಮಾಸ್ತರ, ಅಗದಿ ಬಂಗಾರ! ಈ ಧಾಟಿ ಯಾರ್ದು?” ಎಂದರು. ಸಾವಿರ ಮುಖ ನನ್ನ ಕಡೆ ತಿರುಗಿದ್ದವು. ನಾನು ಜೀವನವಿಡೀ ಇನ್ನೊಬ್ಬರ ಬಟ್ಟೆಯನ್ನು ಇನ್ನೊಬ್ಬರ ಅಳತೆಗೆ ಹೊಲಿದವನು. ‘ನಂದ ರೀ’ ಎಂಬ ಎರಡು ಶಬ್ದ ಎಷ್ಟು ಸಲೀಸಾಗಿ ಬಾಯಿಂದ ಬಂದವು ಎಂದರೆ, ಚಪ್ಪಾಳೆ ಮುಗಿಯುವ ಹೊತ್ತಿಗೆ ನಾನೇ ನಂಬಿದ್ದೆ.

ನಂಬದವನು ಒಬ್ಬನಿದ್ದ. ನಮ್ಮ ಭಜನೆಗೆ ತಬಲಾ ಬಾರಿಸುವವನು ಹುಸೇನಸಾಬ. ಮೊಹರಮ್ಮಿನಲ್ಲಿ ರಿವಾಯತು ಹಾಡುವವನೂ ಅವನೇ, ಪ್ರಾರ್ಥನಾ ಮಂದಿರದ ಢೋಲಕಿನ ಹಗ್ಗ ಸಡಿಲಾದರೆ ಬಿಗಿದು ಕೊಡುವವನೂ ಅವನೇ. ತಿರುಗಿ ಬರುವಾಗ ಟೆಂಪೋದಲ್ಲಿ ನನ್ನ ಬಾಜೂಕ್ಕೆ ಕೂತಿದ್ದ.

“ಧಾಟಿ ಭಾಳ ಚಲೋ ಐತಿ ಮಾಸ್ತರ. ಎಲ್ಲೋ ಕೇಳಿದಂಗ ಆತು.”

“ಎಲ್ಲಿ?”

“ಗೋಡಿ ಆ ಕಡಿ ಇರಬೇಕು,” ಎಂದು ಹೇಳಿ ತಲೆಗೆ ಟವೆಲು ಸುತ್ತಿಕೊಂಡು ಕಣ್ಣು ಮುಚ್ಚಿದ. ಅವನು ಇನ್ನಷ್ಟು ಕೇಳಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ ಎಂದು ತಪ್ಪನ್ನು ಅರ್ಧ ಅವನ ಮೇಲೆ ಹಾಕಲು ಕೂಡ ನಾನು ಪ್ರಯತ್ನಿಸಿದ್ದುಂಟು.

ಇಲ್ಲಿ ಒಂದು ಮಾತು ಹೇಳಬೇಕು. ‘ಧಾಟಿ: ಎಸ್ತರಕ್ಕನ ಪದ’ ಎಂದು ಬರೆದಿದ್ದರೆ ನನ್ನನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ನೂರಾ ಮೂವತ್ತೊಂಬತ್ತು ಧಾಟಿ ಬೇರೆಯವರವೇ ಇರುವ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸೇರುತ್ತಿತ್ತು. ಬಹುಮಾನದ ತಾಮ್ರದ ಕೊಡವೂ ಬರುತ್ತಿತ್ತು. ಹಸಿದು ಕದ್ದವನಿಗೆ ಹೇಳಿಕೊಳ್ಳಲು ಹಸಿವಾದರೂ ಇರುತ್ತದೆ. ನನಗೆ ಏನೂ ಇರಲಿಲ್ಲ.

ಪದ ಹಬ್ಬಿತು. ಯಾರೋ ಮೊಬೈಲಿನಲ್ಲಿ ಹಿಡಿದದ್ದು ಊರೂರು ತಿರುಗಿ, ಟಂಟಂ ಗಾಡಿಗಳಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಕಡೆಗೆ ಗಿರಾಕಿಗಳ ಫೋನಿನ ರಿಂಗಿನಲ್ಲಿ ಕೇಳತೊಡಗಿತು. ಗೋಡೆಯ ಆಚೆ ಅದು ಕೇಳದೆ ಇರುತ್ತದೆಯೇ? ಎಸ್ತರಕ್ಕ ನನ್ನನ್ನು ಏನೂ ಕೇಳಲಿಲ್ಲ. ಮೊದಲಿನ ಹಾಗೆಯೇ ತನ್ನ ಪದ ಹಾಡುತ್ತಿದ್ದಳು.

ಒಂದು ಭಾನುವಾರ ಮುಂಜಾನೆ ನಮ್ಮ ಭಜನೆಯ ಹಿರಿಯ ಸಂಗಪ್ಪ ಕಾಕಾ ಮತ್ತು ಇನ್ನೂ ಮೂವರು, ಹೊಲಿಯಲು ಕೊಟ್ಟ ಅಂಗಿ ಒಯ್ಯಲು ಅಂಗಡಿಗೆ ಬಂದರು. ಅದೇ ಹೊತ್ತಿಗೆ ಗೋಡೆಯ ಆಚೆ ಆ ಪದ ಎದ್ದಿತು. ಸಂಗಪ್ಪ ಕಾಕಾ ಕಿವಿ ನಿಮಿರಿಸಿದ.

“ಇದು ನಮ್ಮ ಪದ ಅಲ್ಲೇನೋ?”

ನಾನು ತಲೆ ತಗ್ಗಿಸಿ ಗುಂಡಿ ಹಚ್ಚುತ್ತಿದ್ದೆ. ಅವರು ನಾಲ್ವರೂ ಅಂಗಡಿ ಬಳಸಿ ಹಿಂದೆ ಹೋಗಿ ತಗಡಿನ ಕೋಣೆಯ ಬಾಗಿಲಲ್ಲಿ ನಿಂತರು. ಹಾಡು ನಿಂತಿತು. ನಾನು ಕೊರಳಲ್ಲಿ ಟೇಪು ಹಾಕಿಕೊಂಡೇ ಹಿಂದೆ ಓಡಿದೆ.

“ಏನವಾ, ಇದು ನಮ್ಮ ಮಾಸ್ತರ ಧಾಟಿ,” ಸಂಗಪ್ಪ ಕಾಕಾ ಹೇಳುತ್ತಿದ್ದ, “ಕಷ್ಟ ಬಿದ್ದು ಕಟ್ಯಾರ. ಕೇಳದ ಎತ್ತಿಕೊಂಡು ನಿಮ್ಮ ದೇವರಿಗಿ ಹಾಡೂದು ಚಲೋ ಅಲ್ಲ ನೋಡ್ರಿ.”

ಸಿನಿಮಾದವರು ಯಾರೂ ಎಂದೂ ನಮ್ಮ ಮಠದ ಬಾಗಿಲಿಗೆ ಬಂದು ಹೀಗೆ ಕೇಳಿರಲಿಲ್ಲ. ಆದರೆ ಇದು ನಮ್ಮದೇ ಆದ ಒಂದೇ ಒಂದು ಧಾಟಿ. ಅದಕ್ಕೇ ಅವನಿಗೆ ಅಷ್ಟು ಸಿಟ್ಟು.

ಎಸ್ತರಕ್ಕ ಎದ್ದು ನಿಂತಳು. ನನ್ನ ಕಡೆ ತಿರುಗಿ, “ನೀವ ಹೇಳ್ರಿ ಮಾಸ್ತರ,” ಎಂದಳು. ಅಷ್ಟೇ. ದನಿಯಲ್ಲಿ ಜಗಳ ಇರಲಿಲ್ಲ. ನಾನು ಹೇಳುತ್ತೇನೆ ಎಂದು ಅವಳು ನಂಬಿದ್ದಳು. ಅವಳ ಹಿಂದೆ ಮಕ್ಕಳು, ಹೆಂಗಸರು, ಕೀಬೋರ್ಡಿನ ಅಳಿಯ, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

ನಾನು ಏನು ಹೇಳಿದೆ ಎಂಬುದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ‘ಹೌದು, ನನ್ನದು’ ಎಂದು ಸುಳ್ಳು ಹೇಳಲಿಲ್ಲ. “ಇರ್ಲಿ ಬಿಡ್ರಿ ಕಾಕಾ,” ಎಂದೆ, “ದೇವರ ಪದ. ಯಾರ ಹಾಡಿದರೇನು? ಹಾಡ್ಲಿ ಪಾಪ.”

ಅವಳದನ್ನು ಕದ್ದು, ಕದ್ದವಳು ಅವಳೇ ಎಂದು ಮಾಡಿ, ಅದರ ಮೇಲೆ ನಾನೇ ಅವಳನ್ನು ಕ್ಷಮಿಸಿಬಿಟ್ಟೆ.

“ಹಾಡೂದಿಲ್ಲ ಬಿಡ್ರಿ,” ಎಂದು ಎಸ್ತರಕ್ಕ ಕೂತಳು. ನಮ್ಮವರು ಅಂಗಡಿಗೆ ತಿರುಗಿ ಬಂದು ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಅಂಗಿಯ ಗುಂಡಿ ಉಲ್ಟಾ ಹಚ್ಚಿದ್ದನ್ನೂ ಯಾರೂ ಎತ್ತಿ ಆಡಲಿಲ್ಲ.

ಆಮೇಲೆ ಗೋಡೆಯ ಆಚೆ ಆ ಪದ ಕೇಳಲಿಲ್ಲ. ಬೇರೆ ಪದಗಳು ಕೇಳುತ್ತಿದ್ದವು. ನಾನು ಸ್ಟೂಲನ್ನು ಗೋಡೆಯಿಂದ ದೂರ ಸರಿಸಿದೆ. ಎದುರಿಗೆ ಸಿಕ್ಕಾಗ ಅವಳು, “ಆರಾಮ್ರಿ ಮಾಸ್ತರ?” ಎನ್ನುತ್ತಿದ್ದಳು. ಅವಳು ಬೈದಿದ್ದರೆ ನಾನು ತಿರುಗಿ ಬೈದು, ಇಬ್ಬರೂ ಸರಿಸಮ ಆಗಬಹುದಿತ್ತು. ಬ್ಲೌಜು ಮಾತ್ರ ಬಸ್‌ಸ್ಟ್ಯಾಂಡಿನ ಹತ್ತಿರದ ಇನ್ನೊಬ್ಬ ಟೇಲರನಿಗೆ ಕೊಡತೊಡಗಿದಳು. ನಾನು ಪ್ರತಿ ಸೋಮವಾರ ಆ ಪದ ಹಾಡಿದೆ. ಜನ ಬೇಡುತ್ತಿದ್ದರು, ನಾನು ಹಾಡುತ್ತಿದ್ದೆ. ನೋಟ್‌ಬುಕ್ ಹರಿದಾಗ ಹೊಸದಕ್ಕೆ ಇಳಿಸಿಕೊಳ್ಳುತ್ತ, ಎರಡನೆಯ ಸಲ, ಯಾರೂ ಕೇಳದಿದ್ದರೂ, ದುಂಡಗೆ ‘ಸ್ವಂತ’ ಎಂದು ಬರೆದೆ.

ಅದೇ ಹಾಳೆಗೆ ಹೋದ ತಿಂಗಳು ನೀಲವ್ವ ಬಂದು ನಿಂತದ್ದು. ನೀರು ಕುಡಿದು ಹೊರಗೆ ಬಂದು ಅವಳಿಗೆ ಎಲ್ಲ ಹೇಳಿದೆ. ಅವಳು ನೋಟ್‌ಬುಕ್ ಮುಚ್ಚಿ ನನ್ನ ಕೈಗೆ ಕೊಟ್ಟಳು. “ಹನ್ನೊಂದು ವರ್ಸ ನನ್ನ ಮುಂದನೂ ಹಾಡಿದ್ರಲ್ಲ,” ಎಂದಳು, “ನಾನೂ ಎಲ್ಲಾರಿಗೂ ನನ್ನ ಗಂಡನ್ದು ಅಂತ ಹೇಳಕೋತ ತಿರಗೀನಿ.”

ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ನೋಟ್‌ಬುಕ್ ಹಿಡಿದುಕೊಂಡು, ಗೋಡೆ ಬಳಸಿ ಹೋದೆ. ಎಸ್ತರಕ್ಕ ಚಾಪೆ ಹಾಸುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನಾನು ಆ ಹಾಳೆ ತೆರೆದು ಅವಳ ಮುಂದೆ ಇಟ್ಟೆ. ಅವಳು ಓದಿದಳು.

ನನಗೆ ಒಂದು ಆಸೆ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಅವಳೂ ಇದನ್ನು ಯಾರಿಂದಲೋ, ಯಾವುದೋ ಹಳೆಯ ನಾಟಕದಿಂದಲೋ ಎತ್ತಿಕೊಂಡಿರಲಿ ಎಂಬ ಆಸೆ. ಹಾಗಿದ್ದರೆ ಧಾಟಿ ಎಲ್ಲರದೂ ಎಂದು ಒಂದು ಒಳ್ಳೆಯ ಮಾತು ಆಡಿ ಎದ್ದು ಬರಬಹುದು.

“ಯಕ್ಕಾ, ನಿನಗ ಈ ಧಾಟಿ ಎಲ್ಲಿಂದ ಬಂತು?” ಎಂದು ಕೇಳಿದೆ.

“ವಖಾರ್ಯಾಗ ಬಂತರಿ,” ಎಂದಳು. “ನನ್ನ ಮಗಳು ಸಣ್ಣಾಕಿ, ಮೂರು ವರ್ಸಿನಾಕಿ. ತೊಟ್ಟು ಬಿಡಿಸೂವಾಗ ಬಾಜೂಕ ಮಲಗಿಸಿದ್ದೆ. ಸಂಜಿಕ ಎದ್ದು ನೋಡಿದರ ಇಲ್ಲ. ಆ ಚೀಲದ ಸಂದ್ಯಾಗ ಕರಕೋತ ತಿರಗಿದೆ, ತಿರಗಿದೆ. ಘಾಟಿಗಿ ಕಣ್ಣು ಕಾಣವೊಲ್ಲವು. ಕಡೀಕ ಒಂದು ಚೀಲದ ಹಿಂದ ನಿದ್ದಿ ಹೊಡದಿದ್ಲು. ಪದದಾಗ ಆ ಮ್ಯಾಲಕ್ಕೇರೂದು ಐತಲ್ಲ, ಅದು ನಾ ಆಕೀನ್ನ ಕರದ ದನಿರಿ. ಮನೀಗಿ ಹೋದರೂ ಅದು ಕಿವ್ಯಾಗಿಂದ ಹೋಗಲಿಲ್ಲ. ಅದಕ್ಕ ಮಾತು ಹಚ್ಚಿದೆ.”

ನನಗೆ ತಪ್ಪಿಸಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು. “ತಪ್ಪಾತು ಯಕ್ಕಾ,” ಎಂದೆ.

“ನನ್ನ ಮುಂದ ಹೇಳಿದರ ಏನ್ರಿ? ಅದು ನನಗ ಮೊದಲ ಗೊತ್ತಿತ್ತು,” ಎಂದಳು. “ಅವತ್ತ ನಾಲ್ಕು ಮಂದಿ ಮುಂದ ಮಾತಾಡಿದ್ರಿ. ಅವರ ಮುಂದ ಹೇಳ್ರಿ.”

ಸೋಮವಾರ ಮಠದಲ್ಲಿ ಹೇಳಿದೆ. ಪೇಟಿ ಮುಚ್ಚಿ, ಎದ್ದು ನಿಂತು, ಈ ಧಾಟಿ ನನ್ನದಲ್ಲ, ಕುಂದಗೋಳದ ಎಸ್ತರಕ್ಕನದು, ನಾನು ಗೋಡೆಯ ಈಚೆ ಕೂತು ಕೇಳಿ ಕದ್ದೆ ಎಂದೆ. ಬೈಗುಳಕ್ಕೆ ತಯಾರಾಗಿದ್ದೆ. ಸಂಗಪ್ಪ ಕಾಕಾನಿಗೆ ಈಗ ಎಂಬತ್ತು ದಾಟಿದೆ. ಅವನ ಕಣ್ಣಲ್ಲಿ ನೀರು ಬಂತು.

“ನೋಡ್ರೋ,” ಎಂದ, “ತನ್ದನ್ನ ಇನ್ನೊಬ್ಬರ ಹೆಸರಿಗಿ ಬಿಟ್ಟು ಕೊಡಾಕತ್ತಾನ. ಎಂಥಾ ಮನಸೋ ಮಾಸ್ತರ ನಿಂದು!”

“ಇಲ್ಲ ಕಾಕಾ, ಖರೇನ—”

ಎಲ್ಲರೂ ಚಪ್ಪಾಳೆ ತಟ್ಟಿದರು. ಹುಸೇನಸಾಬ ಒಬ್ಬ ತಟ್ಟಲಿಲ್ಲ. ತಬಲಾದ ಮೇಲೆ ಕೈ ಇಟ್ಟುಕೊಂಡು, “ಅಂವಾ ಹೇಳೂದು ಖರೇ ಐತ್ರಿ, ನನಗ ಮೊದಲಿಂದ ಗೊತ್ತೈತಿ,” ಎಂದ. ಅವನ ಮಾತಿಗೂ ತಲೆಯಾಡಿಸಿ, ಗೆಳೆಯನನ್ನು ಬಿಟ್ಟುಕೊಡದವನು ಎಂದು ಅವನನ್ನೂ ಹೊಗಳಿದರು. ನಾಚಿಕೆ ಇಷ್ಟಕ್ಕೆ ತಳ ಕಂಡಿತು ಎಂದುಕೊಂಡಿದ್ದೆ, ಇನ್ನೂ ಕೆಳಗಿತ್ತು. ಮೂರು ಸೋಮವಾರ ಅದನ್ನೇ ಹೇಳಿದ್ದೇನೆ. ಒಂದಿಬ್ಬರು ಈಗೀಗ ನಂಬುತ್ತಿದ್ದಾರೆ, ಅವರ ಮುಖ ಸಣ್ಣದಾಗುತ್ತಿದೆ. ಆ ಮುಖಗಳನ್ನು ನೋಡಿ ಬೆವರುತ್ತೇನೆ, ಹೇಳುವುದನ್ನು ಬಿಟ್ಟಿಲ್ಲ.

ನಡೆದದ್ದನ್ನು ಶನಿವಾರದ ತಾಲೀಮಿಗೆ ಹೋಗಿ ಎಸ್ತರಕ್ಕನಿಗೆ ಹೇಳಿದಾಗ ಅವಳು ಸ್ವಲ್ಪ ನಕ್ಕಳು. ಹನ್ನೊಂದು ವರ್ಷದ ಮೇಲೆ ಅವಳ ನಗು ನೋಡಿದೆ. “ಆ ಪದ ಈಗ ಹಾಡಬಾರದೇನ ಯಕ್ಕಾ?” ಎಂದೆ.

“ಹಾಡಬೇಕಂತ ಮನೀಯಾಗ ಕುಂತು ನೋಡೀನ್ರಿ. ನಂದು ಹೆಂಗಿತ್ತು ಅನ್ನೂದ ಮರತೈತಿ. ಬಾಯಿ ತಗದರ ನಿಮ್ದ ಬರತೈತಿ. ಊರ ತುಂಬ ಅದನ್ನ ಕೇಳಿ ಕೇಳಿ, ಹಳೇದು ಅಳಿಸಿ ಹೋಗೈತಿ.” ಕೀಬೋರ್ಡಿನ ಕಡೆ ಕೈ ತೋರಿಸಿ, “ನೀವು ನನ್ನ ಬಾಯಿಂದ ಕೇಳೀರಲ್ಲ. ನೀವ ನೆನಪು ಮಾಡಿ ಕೊಡ್ರಿ,” ಎಂದಳು.

ಕೀಬೋರ್ಡಿನ ಮುಂದೆ ಕೂತೆ. ಡುಬುಡುಬು ನಿಲ್ಲಿಸಿದರು. ‘ಹೊತ್ತು ಮುಣಗಿತೋ’ ಎಂದು ಅವಳ ಮಾತಿಗೇ ನುಡಿಸಿದೆ. ಅವಳು ಕಣ್ಣು ಮುಚ್ಚಿ ಮೆಲ್ಲಗೆ ಹಾಡುತ್ತ ಬಂದಳು. ‘ಒಂದು ಮರಿ ಹಿಂದ...’ ಎಂಬ ಏರಿನ ತುದಿಗೆ ಬಂದಾಗ ನನ್ನ ಬೆರಳು ಎರಡು ಸುತ್ತು ಹೊರಳಿತು. ಅವಳು ನಿಲ್ಲಿಸಿದಳು.

“ಇದಲ್ರಿ.”

ಮತ್ತೆ ಮೊದಲಿನಿಂದ ಎತ್ತಿದೆ. ಮತ್ತೆ ಅಲ್ಲಿಗೆ ಬಂದಾಗ ಬೆರಳು ತಾನಾಗಿಯೇ ಹೊರಳಿತು.

“ಮಾಸ್ತರ,” ಎಂದಳು, ಸಿಟ್ಟಿಲ್ಲದೆ, “ಮಗಳು ಕಳದಿದ್ಲರಿ. ಕಳದ ಮಗಳನ್ನ ಕರಿಯೂವಾಗ ಯಾರರೆ ಮುರ್ಕಿ ಹಾಕತಾರೇನ್ರಿ? ಇದು ನಂದಲ್ಲ. ಇದು ನಿಮ್ದ.”

ಅಷ್ಟೂ ಪದದಲ್ಲಿ ನನ್ನದು ಎಂದು ಅವಳ ಬಾಯಿಂದಲೇ ಬಂದದ್ದು ಅದೊಂದೇ. ನಾನು ಬೆರಳು ತೆಗೆದು, ಮತ್ತೆ ಮೊದಲಿನಿಂದ ಎತ್ತಿದೆ.